ಕೆಂಚಕ್ಕನ ಟಿಕ್ಕು ನಿಂತದ್ದು

ನಮ್ಮೂರಲ್ಲಿ ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಬರೆಯಲು ಮಾತ್ರ ಆಗುವುದಿಲ್ಲ. ಬರೆದರೆ ಉದುರುತ್ತದೆ. ಗೋಡೆಯಾಗಲಿ, ಕಾಗದವಾಗಲಿ, ತಗಡಾಗಲಿ, ಸುಳ್ಳು ಬರೆದ ಅಕ್ಷರ ಹಳೇ ಸುಣ್ಣದ ಹಾಗೆ ಸಿಪ್ಪೆ ಎದ್ದು ಕೆಳಗೆ ಬೀಳುತ್ತದೆ. ದೊಡ್ಡ ಸುಳ್ಳಾದರೆ ಬರೆಯುತ್ತಿದ್ದಂತೆಯೇ ಬೀಳುತ್ತದೆ, ಸಣ್ಣದಾದರೆ ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ತಡೆದುಕೊಳ್ಳುತ್ತದೆ. ನಾನು ಈ ಊರಿನ ಬೋರ್ಡು ಬರೆಯುವವನು. ಹೆಸರು ತಿಪ್ಪೇಸ್ವಾಮಿ, ಬೋರ್ಡ್ ತಿಪ್ಪೇಶಿ ಎಂದರೆ ಎಲ್ಲರಿಗೂ ಗೊತ್ತು. ಮೂವತ್ತು ವರ್ಷದಿಂದ ಈ ಊರಿನ ಸುಳ್ಳನ್ನೆಲ್ಲ ಗುಡಿಸಿ ಮೊರಕ್ಕೆ ತುಂಬಿದವನು ನಾನೇ.

ಬಸ್ಸು ನಿಲ್ಲುವಲ್ಲಿರುವ ಮಿಠಾಯಿ ಅಂಗಡಿಗೆ ‘ಶುದ್ಧ ತುಪ್ಪದ ಸಿಹಿತಿಂಡಿ’ ಎಂದು ಬರೆದುಕೊಟ್ಟೆ. ಏಣಿ ಇಳಿಯುವಷ್ಟರಲ್ಲಿ ‘ಶುದ್ಧ’ ಬಿತ್ತು, ಸ್ವಲ್ಪ ಹೊತ್ತಿಗೆ ‘ತುಪ್ಪದ’ ಬಿತ್ತು. “ಸದ್ಯ, ಸಿಹಿಯಾದ್ರೂ ಉಳೀತಲ್ಲ” ಎಂದು ಅಂಗಡಿಯವನು ನನ್ನ ಕೈಗೊಂದು ಜಿಲೇಬಿ ಇಟ್ಟ. ಮದುವೆ ಕಾಗದದಲ್ಲಿ ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬುದರ ಕೆಳಗೆ ಹದಿನೆಂಟು ಹೆಸರು ಅಚ್ಚಾದರೆ, ಹಂಚುವ ಹೊತ್ತಿಗೆ ಆರೋ ಏಳೋ ಉಳಿದಿರುತ್ತವೆ. ಯಾರ ಹೆಸರು ಬಿದ್ದಿದೆ ಎಂದು ನೋಡಿಕೊಂಡೇ ನಾವು ಮದುವೆಗೆ ಹೋಗುವುದು. ಅವರ ಪಕ್ಕದ ಎಲೆಗೆ ಕೂರುವುದಿಲ್ಲ, ಅಷ್ಟೇ. ಇದಕ್ಕೆಲ್ಲ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬರಹದಲ್ಲಿ ಆಗದ್ದನ್ನು ಬಾಯಲ್ಲಿ ತೀರಿಸಿಕೊಳ್ಳುತ್ತೇವೆ. ನಮ್ಮೂರಿನವರಂಥ ಸುಳ್ಳುಬುರುಕರನ್ನು ನೀವು ನೂರು ಹರದಾರಿಯಲ್ಲಿ ಕಾಣಲಾರಿರಿ, ನನ್ನನ್ನೂ ಸೇರಿಸಿ.

ಒಂದು ಪದವಂತೂ ನಮ್ಮೂರಿನಲ್ಲಿ ಎಂದೂ ನಿಂತಿಲ್ಲ. ‘ಅತ್ಯುತ್ತಮ.’ ಇದನ್ನು ನಾನು ಹನ್ನೊಂದು ಸಲ ಬರೆದಿದ್ದೇನೆ. ಎರಡು ಹೋಟೆಲಿಗೆ, ಒಬ್ಬ ದಂತವೈದ್ಯರಿಗೆ, ಒಂದು ಶಾಲೆಗೆ, ಹೀಗೆ. ಹನ್ನೊಂದೂ ಉದುರಿದವು. ದಂತವೈದ್ಯರದ್ದಂತೂ ಕುಂಚ ಎತ್ತುವ ಮೊದಲೇ ಬಿತ್ತು. ಇದೇ ಕಸುಬು ಮಾಡುತ್ತಿದ್ದ ನಮ್ಮಪ್ಪ “ಆ ಪದಕ್ಕೆ ಬಣ್ಣ ಕಲಸಬೇಡ” ಎಂದು ಮೊದಲೇ ಹೇಳಿದ್ದರು. ನಾನು ಕೇಳಿರಲಿಲ್ಲ.

ಈಗ ನನ್ನ ಅಕ್ಕನ ವಿಷಯ. ಕೆಂಚಮ್ಮ ಎಂದು ಹೆಸರು, ಊರಿಗೆಲ್ಲ ಕೆಂಚಕ್ಕ. ಹಾರ್ಮೋನಿಯಂ ರಿಪೇರಿ ಮಾಡುತ್ತಾಳೆ. ಭಾವ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರಾಗಿದ್ದರು. ಅವರು ನುಡಿಸಿ ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುತ್ತಾ ಇವಳು ಕಲಿತಳು. ಭಾವ ತೀರಿಹೋದ ಮೇಲೂ ಕೆಲಸ ಅವಳ ಕೈಬಿಡಲಿಲ್ಲ. ಸ್ವರ ಹೊರಡಿಸುವ ಹಿತ್ತಾಳೆ ರೀಡಿನ ತುದಿಯನ್ನು ಒಂದು ಕೂದಲಿನಷ್ಟು ಕೆರೆಯುತ್ತಾಳೆ, ಊದುತ್ತಾಳೆ, ತಲೆ ವಾರೆ ಮಾಡಿ ಕೇಳುತ್ತಾಳೆ, ಮತ್ತೆ ಕೆರೆಯುತ್ತಾಳೆ. ಒಂದು ಸ್ವರಕ್ಕೆ ಒಂದು ಬೆಳಗ್ಗೆ ಹೋದರೂ ಅವಳಿಗೆ ಅವಸರವಿಲ್ಲ. ಅವಳ ಅಂಗಡಿಯ ಬೋರ್ಡಿನಲ್ಲಿ ನಾನು ‘ಶೀಘ್ರವಾಗಿ’ ಎಂದು ಬರೆದದ್ದು ಬಣ್ಣ ಒಣಗುವ ಮೊದಲೇ ಬಿತ್ತು. “ಜಾಗ ಖಾಲಿ ಬಿಡಬ್ಯಾಡ, ಇದ್ದದ್ದು ಬರಿ” ಎಂದಳು. ಹಾಗಾಗಿ ಬೋರ್ಡು ಹೀಗಿದೆ: ‘ಹಾರ್ಮೋನಿಯಂ ರಿಪೇರಿ ಮಾಡಲಾಗುತ್ತದೆ. ತಡವಾಗುತ್ತದೆ.’

ಇಂಥ ಬೋರ್ಡು ನೋಡಿ ಯಾರು ಒಳಗೆ ಬರುತ್ತಾರೆ? ಊರಿನ ಭಜನೆಯವರೂ ಮೊಬೈಲಿನಲ್ಲೇ ಶ್ರುತಿ ಹಾಕಿಕೊಂಡು ಹಾಡತೊಡಗಿದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಬೇರೆ ಇದ್ದೇ ಇದೆ. ಒಂದು ಸಲ ನಾಲ್ಕು ತಿಂಗಳಲ್ಲಿ ಬಂದದ್ದು ಒಂದೇ ಹಾರ್ಮೋನಿಯಂ, ಅದರ ಗಾಳಿ ಊದುವ ತಿದಿಯೊಳಗೆ ಇಲಿ ಮರಿ ಹಾಕಿತ್ತು. ಅಂಥ ಹೊತ್ತಿನಲ್ಲಿ ಭಜನಾ ಮಂಡಳಿಗಳ ಒಕ್ಕೂಟದಿಂದ ಒಂದು ಕಾಗದ ಬಂತು. ಒಕ್ಕೂಟದಲ್ಲಿ ನಾನೂರು ಮಂಡಳಿ, ಮಂಡಳಿಗೆ ಒಂದಾದರೂ ಕೆಮ್ಮುವ ಹಾರ್ಮೋನಿಯಂ. ರಿಪೇರಿ ಮಾಡುವವರ ಪಟ್ಟಿಯೊಂದನ್ನು ಎಲ್ಲ ಮಂಡಳಿಗೂ ಕಳಿಸುತ್ತಾರಂತೆ, ಆದರೆ ಸ್ವಂತ ವೆಬ್‌ಸೈಟ್ ಇರುವವರ ಹೆಸರನ್ನು ಮಾತ್ರ ಸೇರಿಸುತ್ತಾರಂತೆ. ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಗಿಯುತ್ತದೆ.

“ಇದೂ ಆಗಲಿಲ್ಲ ಅಂದ್ರೆ ಸೋಮವಾರದಿಂದ ಹೋಳಿಗೆ ಮನೆಗೆ ಹೂರಣ ರುಬ್ಬಾಕೆ ಹೋಗ್ತೀನಿ ಕಣೋ. ಮಾತಾಡಿ ಆಗೈತೆ” ಎಂದಳು ಅಕ್ಕ. ನಗುತ್ತಲೇ ಹೇಳಿದಳು. ಆದರೆ ಅವಳ ಚಿಕ್ಕ ಅರ, ಚಿಮುಟ, ರೀಡಿನ ಡಬ್ಬಿಗಳನ್ನೆಲ್ಲ ಆಗಲೇ ಭಾವನ ಹಳೇ ಧೋತ್ರದಲ್ಲಿ ಗಂಟು ಕಟ್ಟಿ ಮೂಲೆಗಿಟ್ಟಿದ್ದಳು.

ಮಂಗಳವಾರ ಬೆಳಗ್ಗೆ ಜಬೀನಾಳ ಅಂಗಡಿಗೆ ಹೋದೆವು. ಅದರ ಬೋರ್ಡೂ ನನ್ನದೇ: ‘ಜಬೀನಾ ಜೆರಾಕ್ಸ್. ಕಂಪ್ಯೂಟರ್ ಒಂದು ಇದೆ.’ ಜಬೀನಾ ಚುರುಕು ಹೆಂಗಸು. ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಶುರುಮಾಡಿದಳು.

“ವೆಬ್‌ಸೈಟು ಅಂದ್ರೆ ಅಂಗಡಿ ಅಂದ್ಕೊಳ್ಳಿ ಅಕ್ಕ. ಡೊಮೈನ್ ಅಂದ್ರೆ ಬಾಗಿಲ ಮೇಲಿನ ಬೋರ್ಡು. ಹೋಸ್ಟಿಂಗ್ ಅಂದ್ರೆ ಅಂಗಡಿ ಇಡಾಕೆ ಬಾಡಿಗೆ ಜಾಗ.”

“ಜಾಗ ಎಲ್ಲೈತೆ?”

“ಯಾವ್ದೋ ಊರಲ್ಲಿ, ದೊಡ್ಡ ದೊಡ್ಡ ಕಂಪ್ಯೂಟರ್ ಒಳಗೆ.”

“ಮಾಲೀಕ್ರು ಹೆಂಗೆ?”

“ಅವರ ಮುಖ ಯಾರು ನೋಡಿದಾರೆ ಅಕ್ಕ!” ಎಂದು ಜಬೀನಾ ನಕ್ಕಳು. ಅಕ್ಕ ನಗಲಿಲ್ಲ.

ಹೋಸ್ಟಿಂಗ್ ಕಂಪನಿಯ ಪುಟ ತೆರೆಯಿತು. ಹೊರಗಿನವರು ಬರೆದದ್ದಾದರೂ ನಮ್ಮೂರಿನ ಪರದೆಯ ಮೇಲೆ ಬಂದಮೇಲೆ ನಮ್ಮೂರಿನ ನಿಯಮವೇ. ‘ಜಗತ್ತಿನ ನಂಬರ್ ಒನ್’ ಎಂಬುದು ಮೊದಲ ಏಟಿಗೇ ಜಾರಿ ಪರದೆಯ ಕೆಳಗೆ ಮಾಯವಾಯಿತು. ‘ಅನ್‌ಲಿಮಿಟೆಡ್ ಜಾಗ’ದಲ್ಲಿ ‘ಜಾಗ’ ಉಳಿಯಿತು. ‘ದಿನದ ಇಪ್ಪತ್ನಾಲ್ಕು ಗಂಟೆಯೂ ಗ್ರಾಹಕರ ಸೇವೆ’ಯಲ್ಲಿ ‘ಗ್ರಾಹಕರ’ ಎಂಬುದೊಂದು ಒಂಟಿಯಾಗಿ ನಿಂತಿತ್ತು. ಸೈಟು ಶೇಕಡಾ 99.9ರಷ್ಟು ಹೊತ್ತು ತೆರೆದಿರುತ್ತದೆ ಎಂಬಲ್ಲಿ ಕೊನೆಯ ಒಂಬತ್ತು ಬಿತ್ತು. “ಪರವಾಗಿಲ್ಲ, ಇವರು ಅಷ್ಟೇನೂ ಕೆಟ್ಟೋರಲ್ಲ” ಎಂದಳು ಜಬೀನಾ. ಹೆಸರು ಹುಡುಕಿದೆವು. ಕೆಂಚಕ್ಕ ಡಾಟ್ ಕಾಮ್ ಎಂಬುದನ್ನು ಅಲ್ಲಿಯತನಕ ಯಾರೂ ತೆಗೆದುಕೊಂಡಿರಲಿಲ್ಲ. “ಇಷ್ಟು ದೊಡ್ಡ ಲೋಕದಾಗೆ ನಾನೊಬ್ಳೇನಾ?” ಎಂದು ಅಕ್ಕ ಹಿಗ್ಗಿದಳು.

ಆಮೇಲೆ ಟಿಕ್ಕುಗಳು ಬಂದವು. ‘ನಾನು ರೋಬೋಟ್ ಅಲ್ಲ’ ಎಂಬುದರ ಮುಂದೆ ಅಕ್ಕ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು. ಟಿಕ್ಕು ಗಟ್ಟಿಯಾಗಿ ನಿಂತಿತು. “ಸದ್ಯ” ಎಂದು ನಿಟ್ಟುಸಿರು ಬಿಟ್ಟಳು. ಮುಂದಿನದು: ‘ನಾನು ಎಲ್ಲ ನಿಯಮ ಮತ್ತು ಷರತ್ತುಗಳನ್ನು ಓದಿದ್ದೇನೆ ಮತ್ತು ಒಪ್ಪಿದ್ದೇನೆ.’ ಒತ್ತಿದಳು. ಟಿಕ್ಕು ಮೂಡಿತು, ಒಂದು ಸಲ ವಾಲಿತು, ಜಾರಿ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು. ನಾನು ಒತ್ತಿದೆ, ಜಬೀನಾ ಒತ್ತಿದಳು. ಬೀಳುವುದರಲ್ಲಿ ಟಿಕ್ಕಿಗೆ ಆಯಾಸವೇ ಇರಲಿಲ್ಲ. ಪಕ್ಕದೂರಿಗೆ ಹೋಗಿ ಒತ್ತಿಬರೋಣ ಎಂದರೆ ಅದೂ ಆಗದ ಮಾತು. ನಮ್ಮೂರಿನವರ ಬರಹ ಎಲ್ಲಿ ಹೋದರೂ ನಮ್ಮೂರಿನದೇ.

ಕಂಪನಿಗೆ ಫೋನ್ ಮಾಡಿದೆವು. ಬಹಳ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಸಿಕ್ಕಳು. ಶಿಲ್ಪಶ್ರೀ ಎಂದು ಹೆಸರು.

“ಮೇಡಂ, ಅದನ್ನ ಯಾರೂ ಓದಲ್ಲ. ಸುಮ್ನೆ ಟಿಕ್ ಮಾಡಿ ಮುಂದೆ ಹೋಗಿ” ಎಂದಳು.

“ಓದದೆ ಟಿಕ್ ಮಾಡಿದ್ರೆ ಬೀಳ್ತೈತಮ್ಮ” ಎಂದಳು ಅಕ್ಕ.

“ಬ್ರೌಸರ್ ಬದಲಾಯಿಸಿ ನೋಡಿ ಮೇಡಂ.”

“ಅದ್ಯಾವ್ದು ಬದಲಾಯಿಸಿದ್ರೂ ಓದಿಲ್ದಿರೋಳು ಓದಿಲ್ದೋಳೇ ಅಲ್ವೇನಮ್ಮ?”

ಜಬೀನಾ ಷರತ್ತುಗಳನ್ನೆಲ್ಲ ಪ್ರಿಂಟ್ ತೆಗೆದಳು. ಎಪ್ಪತ್ಮೂರು ಪುಟ, ನೂರಹನ್ನೆರಡು ಕಲಮು. ಕನ್ನಡದಲ್ಲೇ ಇತ್ತು, ಆದರೆ ಯಂತ್ರ ಹಡೆದ ಕನ್ನಡ. ಮೂರು ಸಾಲು ಓದುವಷ್ಟರಲ್ಲಿ ನನಗೆ ಆಕಳಿಕೆ ಬಂದು ಕಣ್ಣಲ್ಲಿ ನೀರು ಬಂತು. “ಇದನ್ನ ಒಬ್ಬೊಬ್ಬರೇ ಓದಾಕಾಗಲ್ಲ. ಮೇಷ್ಟ್ರ ಹತ್ರ ಹೋಗಾನ” ಎಂದಳು ಅಕ್ಕ.

ಶ್ರೀಕಂಠಯ್ಯ ಮೇಷ್ಟ್ರು ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಅದಕ್ಕಿಂತ ಹೆಚ್ಚಾಗಿ ಗಮಕಿಗಳು. ಕಾವ್ಯವನ್ನು ರಾಗವಾಗಿ ಓದಿ, ನಿಲ್ಲಿಸಿ, ಅರ್ಥ ಹೇಳುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಕಾಗದದ ಕಂತೆಯನ್ನು ತೂಗಿ ನೋಡಿ, “ಮೂರು ದಿನದ ವಾಚನ ಆಗುತ್ತೆ ಕೆಂಚಮ್ಮ. ಶ್ರುತಿಗೆ ನೀನೇ ಕೂತ್ಕೋ” ಎಂದರು. ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ವಾಚನಾಲಯದ ಜಗುಲಿಯಲ್ಲಿ ಜಮಖಾನ ಹಾಸಿದರು. ‘ಶ್ರೀಕಂಠಯ್ಯನವರಿಂದ ಹೋಸ್ಟಿಂಗ್ ಷರತ್ತುಗಳ ವಾಚನ, ವ್ಯಾಖ್ಯಾನ. ಪಾನಕ ಇದೆ’ ಎಂದು ನಾನೇ ಬೋರ್ಡು ಬರೆದೆ. ಒಂದಕ್ಷರವೂ ಬೀಳಲಿಲ್ಲ. ಪಾನಕ ಎಂಬುದನ್ನು ಓದಿ ಅರ್ಧ ಊರು ಬಂದು ಕೂತಿತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು, ಅಕ್ಕ ಹಾರ್ಮೋನಿಯಂನ ಕರಿ ನಾಲ್ಕರಲ್ಲಿ ಶ್ರುತಿ ಹಿಡಿದಳು. “ಸೇವೆಯನ್ನು ಇದ್ದದ್ದು ಇದ್ದ ಹಾಗೆ, ದೊರೆತದ್ದು ದೊರೆತ ಹಾಗೆ ಗ್ರಾಹಕನು ಸ್ವೀಕರಿಸತಕ್ಕದ್ದು” ಎಂದು ಮೋಹನ ರಾಗದಲ್ಲಿ ಎಳೆದರು. ನಿಲ್ಲಿಸಿ, ಕನ್ನಡಕ ಏರಿಸಿ, “ಅಂದರೆ, ಕೊಟ್ಟಿದ್ದನ್ನ ಕಣ್ಣಿಗೆ ಒತ್ತಿಕೊಂಡು ಈಸ್ಕೋ ಅಂತ ತಾತ್ಪರ್ಯ” ಎಂದರು. “ನಮ್ಮ ಹಾಲಿನವನೂ ಇದೇ ಹೇಳ್ತಾನೆ” ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ‘ಗ್ರಾಹಕನ ಸಾಮಗ್ರಿಯ ನಕಲನ್ನು ಗ್ರಾಹಕನೇ ಇಟ್ಟುಕೊಳ್ಳತಕ್ಕದ್ದು’ ಎಂಬುದಕ್ಕೆ “ನಿಮ್ಮ ನಿಮ್ಮ ಲಗೇಜಿಗೆ ನೀವೇ ಜವಾಬ್ದಾರಿ” ಎಂದು ಅರ್ಥ ಹೇಳಿದ್ದು ಬಸ್ಸಿನ ಕಂಡಕ್ಟರು, ಮೇಷ್ಟ್ರಲ್ಲ. ಭೂಕಂಪ, ಪ್ರವಾಹ, ಯುದ್ಧ, ದಂಗೆ, ಸಾಂಕ್ರಾಮಿಕ ರೋಗಗಳಿಂದ ಸೈಟು ನಿಂತರೆ ಕಂಪನಿ ಹೊಣೆಯಲ್ಲ ಎಂಬ ಕಲಮು ಬಂದಾಗ ಮೇಷ್ಟ್ರಿಗೆ ಆವೇಶ ಬಂತು. ಒಂದೊಂದು ವಿಪತ್ತಿಗೂ ಸ್ವರ ಏರಿಸುತ್ತಾ ಹೋಗಿ ಯುದ್ಧದಲ್ಲಿ ತೊಡೆ ತಟ್ಟಿದರು. ಜನ ಚಪ್ಪಾಳೆ ಹೊಡೆದು ಆ ಕಲಮನ್ನು ಇನ್ನೊಂದು ಸಲ ಹೇಳಿಸಿದರು. ಕೆಲವು ಕಲಮುಗಳು ಮಾತ್ರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದವು. ಅಂಥ ಕಡೆ ಮೇಷ್ಟ್ರು ಜಬೀನಾ ಬೇರೆಯಾಗಿ ತೆಗೆದುಕೊಟ್ಟಿದ್ದ ಇಂಗ್ಲಿಷ್ ಪ್ರತಿ ತಿರುವಿ ಹಾಕಿ, ತಲೆ ಕೆರೆದುಕೊಂಡು, ಅರ್ಥ ಬಿಡಿಸುವ ತನಕ ಮುಂದೆ ಹೋಗುತ್ತಿರಲಿಲ್ಲ.

ಗುರುವಾರದ ಓದಿನ ನಡುವೆ ಒಂದು ಸಂಗತಿ ನಡೆಯಿತು. ನನ್ನ ಹೊರತು ಅದನ್ನು ಯಾರೂ ಗಮನಿಸಲಿಲ್ಲ. ಐವತ್ತೆರಡನೆಯ ಕಲಮು. “ಕಂಪನಿಯು ತನಗೆ ಸರಿ ಕಂಡಾಗ, ಯಾವ ಕಾರಣವನ್ನೂ ಹೇಳದೆ, ಗ್ರಾಹಕನ ವೆಬ್‌ಸೈಟನ್ನು ತೆಗೆದುಹಾಕಬಹುದು.” ಅಕ್ಕನ ಕೈ ತಿದಿಯ ಮೇಲೆ ನಿಂತಿತು. ಶ್ರುತಿ ನಿಂತದ್ದೂ ಮೇಷ್ಟ್ರಿಗೆ ತಿಳಿಯದೆ ಅವರು ಮುಂದಿನ ಕಲಮಿಗೆ ಹೋದರು. ಸ್ವಲ್ಪ ಹೊತ್ತಿಗೆ ಶ್ರುತಿ ಮತ್ತೆ ಬಂತು, ನಾನೂ ಮರೆತೆ.

ಶುಕ್ರವಾರ ಸಂಜೆ ನೂರಹನ್ನೆರಡನೆಯ ಕಲಮು ಮುಗಿಯಿತು. ಹೆಂಗಸರು ಮಂಗಳ ಹಾಡಿ ಕಾಗದದ ಕಂತೆಗೆ ಆರತಿ ಎತ್ತಿದರು, ಕೋಸಂಬರಿ ಹಂಚಿದರು. ಮೇಷ್ಟ್ರಿಗೆ ಶಾಲು ಹೊದಿಸಿದೆವು. ಷರತ್ತುಗಳನ್ನು ಇಷ್ಟು ಚೆನ್ನಾಗಿ ಬಲ್ಲ ಊರು ಆ ಕಂಪನಿಗೆ ಇನ್ನೊಂದು ಸಿಕ್ಕಿರಲಾರದು.

ಶನಿವಾರ ಬೆಳಗ್ಗೆ ಜಬೀನಾಳ ಅಂಗಡಿ ಮುಂದೆ ವಾಚನ ಕೇಳಿದವರೆಲ್ಲ ನೆರೆದಿದ್ದರು. ಅಕ್ಕ ಹೊಸ ಸೀರೆ ಉಟ್ಟು ಬಂದು ಕೂತು ಒತ್ತಿದಳು. ಟಿಕ್ಕು ಮೂಡಿತು. ಈ ಸಲ ಅದು ತುಸು ಹೊತ್ತು ನಿಂತಿತು ನಿಜ. ಆಮೇಲೆ ವಾಲಿತು, ಜಾರಿತು, ಬಿತ್ತು.

“ಓದಿದ್ದೀವಲ್ರೀ! ರಾಗವಾಗಿ ಓದಿದ್ದೀವಲ್ಲ!” ಎಂದು ಮೇಷ್ಟ್ರು ಪರದೆಯನ್ನೇ ಗದರಿಸಿದರು.

“ಓದಿದ್ದೀನಿ ಮೇಷ್ಟ್ರೇ, ಒಪ್ಪಿಲ್ಲ. ಆ ಐವತ್ತೆರಡನ್ನ ಒಪ್ಪಾಕೆ ಆಗ್ತಿಲ್ಲ ನಂಗೆ” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಆಗ ನನಗೆ ನೆನಪಾಯಿತು. ಬಹಳ ವರ್ಷದ ಹಿಂದೆ ಅಕ್ಕನ ಅಂಗಡಿ ಬಸ್ಸು ನಿಲ್ಲುವ ಜಾಗದ ಹತ್ತಿರವಿತ್ತು, ಬಾಡಿಗೆ ಮಳಿಗೆ. ಒಂದು ದಿನ ಬೆಳಗ್ಗೆ ಹೋದರೆ ಬಾಗಿಲಿಗೆ ಬೇರೆ ಬೀಗ. ಹನ್ನೊಂದು ಹಾರ್ಮೋನಿಯಂ, ಅರ್ಧ ಬಿಚ್ಚಿದ್ದು, ರೀಡು ಹರಡಿದ್ದು, ಎಲ್ಲ ಬೀದಿಯಲ್ಲಿದ್ದವು. ಮಾಲೀಕ ಎದುರಿಗೇ ನಿಂತು ಹಲ್ಲುಜ್ಜುತ್ತಿದ್ದ. ಯಾಕೆ ಎಂದು ಕೇಳಿದ್ದಕ್ಕೆ ಬಾಯಿ ತೊಳೆಯಲು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. “ಕಾರಣ ಹೇಳಿದ್ರೆ ಜಗಳ ಆಡಿ, ಅತ್ತು, ಮರೆತುಬಿಡ್ತಿದ್ದೆ” ಎಂದಳು ಅಕ್ಕ. “ಹೇಳ್ಲಿಲ್ಲವಲ್ಲ. ಇವತ್ತಿಗೂ ಬಾಗಿಲು ತೆಗೆಯೋವಾಗ ಬೀಗ ನಮ್ಮದೇನಾ ಅಂತ ನೋಡ್ತೀನಿ.”

ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ಅವಳು ದಿನಾ ಹೀಗೆ ಬೀಗ ನೋಡುವುದು ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆದರೆ ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ನೆರೆದವರೆಲ್ಲ ಅಕ್ಕನನ್ನು ಒಪ್ಪಿಸುವ ಕೆಲಸಕ್ಕೆ ಕೈಹಾಕಿದರು. ಜಬೀನಾ ಬೇರೆ ಮೂರು ಕಂಪನಿಯ ಷರತ್ತು ತೆಗೆದು ನೋಡಿದಳು, ಎಲ್ಲದರಲ್ಲೂ ಅದೇ ಕಲಮು. “ಎಲ್ಲರ ಮನೆ ದೋಸೆನೂ ತೂತೇ ಅಕ್ಕ, ಒಪ್ಕೊಂಬಿಡಿ” ಎಂದಳು. ಕಂಡಕ್ಟರು ಜಗತ್ತೇ ನಶ್ವರ ಎಂದ. ಮೇಷ್ಟ್ರು ವೈರಾಗ್ಯದ ಎರಡು ಪದ್ಯ ಹೇಳಿದರು. ಒಂದೊಂದು ಬುದ್ಧಿಮಾತಿನ ಕೊನೆಗೂ ಅಕ್ಕ ಒಮ್ಮೆ ಒತ್ತುತ್ತಿದ್ದಳು, ಟಿಕ್ಕು ಒಮ್ಮೆ ಬೀಳುತ್ತಿತ್ತು.

“ಬಾಯಲ್ಲಿ ಬೇಕಾದ್ರೆ ನೂರು ಸಲ ಹೇಳ್ತೀನಿ. ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಒಳಗೆ ಒಪ್ಪಬೇಕಲ್ಲ!” ಎಂದಳು ಅಕ್ಕ.

ನನಗೆ ಸಿಟ್ಟು ಬಂತು. “ಹೂರಣ ರುಬ್ಬಾಕೆ ಅಷ್ಟೊಂದು ಆಸೆ ಇದ್ರೆ ಹೋಗು!” ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ಹೊರಗೆ ಬಂದು ಜಬೀನಾಳ ಫೋನಿನಿಂದ ಆ ಕಂಪನಿಗೆ ಮತ್ತೆ ಫೋನ್ ಹಚ್ಚಿದೆ. ಅದೃಷ್ಟಕ್ಕೆ ಶಿಲ್ಪಶ್ರೀಯೇ ಸಿಕ್ಕಳು. ಎಲ್ಲ ಹೇಳಿದೆ. ಮೂರು ದಿನದ ವಾಚನ, ಆರತಿ, ಐವತ್ತೆರಡನೆಯ ಕಲಮು, ಬೀದಿಯಲ್ಲಿದ್ದ ಹಾರ್ಮೋನಿಯಂ, ಐದು ಗಂಟೆಯ ಪಟ್ಟಿ.

“ಪೂರ್ತಿ ಓದಿದ್ರಾ?” ಎಂದು ಕೇಳಿದಳು. ದನಿ ಬದಲಾಗಿತ್ತು. “ಎಪ್ಪತ್ಮೂರು ಪುಟಾನೂ?”

“ನೀವು ಓದಿದ್ದೀರೇನಮ್ಮ?”

“ನಾಲ್ಕು ವರ್ಷದಿಂದ ಇಲ್ಲಿದ್ದೀನಿ ಸರ್. ಇಲ್ಲ” ಎಂದಳು. “ಒಂದು ನಿಮಿಷ ಇರಿ.” ಹಾಳೆ ತಿರುವುವ ಸದ್ದಲ್ಲ, ಮೌಸಿನ ಟಿಕ್ ಟಿಕ್ ಸದ್ದು ಕೇಳಿಸಿತು. ಆಮೇಲೆ, “ಇದು ಸರಿ ಇಲ್ಲ ಸರ್. ನಾನೂ ಒಪ್ಪಲ್ಲ. ಮ್ಯಾನೇಜರ್ ಹತ್ರ ಕೇಳ್ತೀನಿ” ಎಂದಳು.

ಮೂರು ಗಂಟೆಗೆ ಮ್ಯಾನೇಜರ ಮೇಲ್ ಬಂತು. ‘ಆತ್ಮೀಯ ಗ್ರಾಹಕರೇ’ ಎಂದು ಶುರುವಾಗಿತ್ತು. ಕಣ್ಣೆದುರಿಗೇ ‘ಆತ್ಮೀಯ’ ಬಿತ್ತು. ‘ತಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಸಾಲು ಇಡಿಯಾಗಿ ಜಾರಿತು. ‘ತಮ್ಮ ಹಿತವೇ ನಮ್ಮ ಧ್ಯೇಯ’, ‘ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಲ್ಲ ಪಟಪಟನೆ ಹೋದವು. ಕೊನೆಗೆ ಪರದೆಯ ಮೇಲೆ ‘ಗ್ರಾಹಕರೇ’ ಎಂಬುದೂ, ಅದರ ಕೆಳಗೆ ‘ದಯವಿಟ್ಟು ಈ ಮೇಲ್‌ಗೆ ಉತ್ತರಿಸಬೇಡಿ’ ಎಂಬುದೂ ಬಂಡೆಯ ಹಾಗೆ ನಿಂತಿದ್ದವು. ಜನ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಿಡೋ ತಿಪ್ಪೇಶಿ. ಹೋಳಿಗೆ ಮನೆಯೋರೂ ಒಳ್ಳೇ ಜನಾನೇ” ಎಂದಳು. ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು.

ನಾಲ್ಕೂ ಇಪ್ಪತ್ತಕ್ಕೆ ಇನ್ನೊಂದು ಮೇಲ್ ಬಂತು. ಜಬೀನಾ ಕೂಗಿದ್ದಕ್ಕೆ ಹೋದವರೆಲ್ಲ ಓಡಿಬಂದರು. ಮೇಷ್ಟ್ರು ರಾಗವಿಲ್ಲದೆ ಓದಿದರು.

‘ಕೆಂಚಮ್ಮನವರಿಗೆ ನಮಸ್ಕಾರ. ಕಲಮು ಬದಲಿಸುವ ಅಧಿಕಾರ ನನಗಿಲ್ಲ. ಮ್ಯಾನೇಜರೂ ಬದಲಿಸುವುದಿಲ್ಲ. ನಾನು ಇಲ್ಲಿ ಕೆಲಸದಲ್ಲಿರುವ ತನಕ ನಿಮ್ಮ ಪುಟವನ್ನು ಯಾರಾದರೂ ತೆಗೆದರೆ, ಕಾರಣ ಏನೆಂದು ನಾನು ಕೇಳುತ್ತೇನೆ. ಕೇಳಿ ನಿಮಗೆ ಫೋನ್ ಮಾಡಿ ಹೇಳುತ್ತೇನೆ. ಅವರು ಹೇಳದಿದ್ದರೆ, ಹೇಳಲಿಲ್ಲ ಎಂದಾದರೂ ಹೇಳುತ್ತೇನೆ. ಕೆಳಗೆ ನನ್ನ ಸ್ವಂತ ನಂಬರ್ ಇದೆ. ಶಿಲ್ಪಶ್ರೀ.’

ಎಲ್ಲರ ಕಣ್ಣೂ ಪರದೆಯ ಮೇಲೆ. ಯಾವ ಪದ ಮೊದಲು ಬೀಳುತ್ತದೋ ಎಂದು ನಾನು ಸಾಲು ಸಾಲಾಗಿ ನೋಡುತ್ತಿದ್ದೆ. ಜಬೀನಾ ಟೀ ತರಿಸಿದಳು. ನಮ್ಮೂರಲ್ಲಿ ಅಳತೆ ಅದೇ ತಾನೇ. ಕುಡಿಯುತ್ತಾ ಕಾದೆವು. ಅಕ್ಕನ ಲೋಟ ಖಾಲಿಯಾಯಿತು, ನನ್ನದೂ ಆಯಿತು, ಬಿಸಿ ಆರಿಸಿಕೊಂಡು ಕುಡಿಯುವ ಮೇಷ್ಟ್ರದ್ದೂ ಆಯಿತು. ಒಂದಕ್ಷರ, ಒಂದು ಕೊಂಬು ಅಲುಗಿರಲಿಲ್ಲ.

“ಆವತ್ತು ಯಾರಾದ್ರೂ ಒಬ್ಬರು ಬಂದು ಇಷ್ಟು ಹೇಳಿದ್ರೆ ಸಾಕಿತ್ತು” ಎಂದಳು ಅಕ್ಕ. “ಈಗ ಒಪ್ಪಬೋದು. ಜಾಗ ಹೋದ್ರೂ ಹೇಳೋರು ಒಬ್ಬರು ಇದಾರೆ.” ಮುಂದಕ್ಕೆ ಬಾಗಿ ಒತ್ತಿದಳು. ಟಿಕ್ಕು ಮೂಡಿತು. ವಾಲಲಿಲ್ಲ. ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಕಂಡಕ್ಟರು ಶಿಳ್ಳೆ ಹೊಡೆದ, ಮೇಷ್ಟ್ರು ಮಂಗಳ ಎತ್ತಿಕೊಂಡರು. ಅಂಗಡಿಯ ಬೋರ್ಡಿನ ಮಾತನ್ನೇ ನಾನು ಪುಟಕ್ಕೂ ಬರೆದುಕೊಟ್ಟೆ. ನಾಲ್ಕೂ ಐವತ್ತೆರಡಕ್ಕೆ ಕೆಂಚಕ್ಕ ಡಾಟ್ ಕಾಮ್ ಎಂಬ ವಿಳಾಸ ಒಕ್ಕೂಟಕ್ಕೆ ಹೋಯಿತು. ನಾನು ಅಂಗಡಿಯ ಹಿಂದೆ ಹೋಗಿ ಯಾರಿಗೂ ಕಾಣದ ಹಾಗೆ ಸ್ವಲ್ಪ ಅತ್ತೆ.

ಸೋಮವಾರ ಅಕ್ಕ ಹೋಳಿಗೆ ಮನೆಗೆ ಹೋಗಲಿಲ್ಲ. ಅವರು ಬೇಜಾರು ಮಾಡಿಕೊಳ್ಳದೆ ನಾಲ್ಕು ಹೋಳಿಗೆ ಕಳಿಸಿಕೊಟ್ಟರು. ಎರಡನೆಯ ವಾರದಿಂದ ಹಾರ್ಮೋನಿಯಂ ಬರತೊಡಗಿದವು. ಬಸ್ಸಿನ ಟಾಪಿನ ಮೇಲೆ, ಕಂಬಳಿ ಸುತ್ತಿಕೊಂಡು, ಕೆಲವು ಮಂಡಳಿಯವರ ತೊಡೆಯ ಮೇಲೆ ಮಗುವಿನ ಹಾಗೆ ಕೂತು ಬಂದವು. ಕಂಡಕ್ಟರು ಅವಕ್ಕೆ ಟಿಕೆಟ್ ಕೇಳುತ್ತಿರಲಿಲ್ಲ. ತಡವಾಗುತ್ತದೆ ಎಂದು ವೆಬ್‌ಸೈಟಿನಲ್ಲೂ ಬರೆದಿದ್ದರಿಂದ ಯಾರೂ ಅವಸರಿಸುತ್ತಿರಲಿಲ್ಲ. ಶಿಲ್ಪಶ್ರೀ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಾಳೆ. “ಇನ್ನೂ ತೆಗೆದಿಲ್ಲ ಅಕ್ಕ” ಎನ್ನುತ್ತಾಳೆ. “ಆಯ್ತಮ್ಮ, ಊಟ ಆಯ್ತಾ?” ಎನ್ನುತ್ತಾಳೆ ಅಕ್ಕ. ಮೊನ್ನೆ ಆ ಹುಡುಗಿ ತನ್ನ ಆಫೀಸಿನಲ್ಲೂ ಒಂದು ವಾಚನ ಇಡಿಸಬೇಕು, ಮೇಷ್ಟ್ರು ಬರುತ್ತಾರಾ ಎಂದು ಕೇಳಿದಳಂತೆ. ಮೇಷ್ಟ್ರು ಆಗಲೇ ಯುದ್ಧದ ಕಲಮನ್ನು ಅಭ್ಯಾಸ ಮಾಡುತ್ತಿದ್ದಾರೆ.

ಇನ್ನೊಂದು ವಿಷಯ ಹೇಳಬೇಕು. ಆ ಪುಟಕ್ಕೆ ಬೇಕಾದ ಮಾತು ಬರೆದವನು ನಾನೇ ತಾನೇ. ಒಂದು ಮಧ್ಯಾಹ್ನ ಜಬೀನಾ ಊಟಕ್ಕೆ ಹೋಗಿದ್ದಾಗ, ಸುಮ್ಮನೆ ನೋಡೋಣ ಎಂದು, ‘ಹಾರ್ಮೋನಿಯಂ ರಿಪೇರಿ’ ಎಂಬುದರ ಮುಂದೆ ‘ಅತ್ಯುತ್ತಮ’ ಎಂದು ಸೇರಿಸಿದೆ. ಹನ್ನೆರಡನೆಯ ಸಲ. ಸೇರಿಸಿ ಟೀ ಹಿಡಿದು ಕೂತೆ. ಒಂದು ಲೋಟ ಮುಗಿಯಿತು. ಇನ್ನೊಂದು ತರಿಸಿದೆ, ಅದೂ ಮುಗಿಯಿತು. ಮಾರನೆಯ ದಿನ ಹೋಗಿ ನೋಡಿದೆ. ವಾರ ಬಿಟ್ಟು ನೋಡಿದೆ.

ಅಕ್ಕನಿಗೆ ಇದು ಗೊತ್ತಾದದ್ದು ಹಾರ್ಮೋನಿಯಂ ತಂದ ಮಂಡಳಿಯವರೊಬ್ಬರ ಬಾಯಿಂದ. ಕೆಂಡದಂತಾಗಿ ನನ್ನ ಮನೆಗೆ ಬಂದಳು. “ಏನೋ ಅದು? ನಾನು ಹೇಳ್ಕೊಂಡೆ ಅಂತ ತಿಳ್ಕೊಳ್ಳಲ್ವಾ ಜನ? ಜಂಬದ ಕೋಳಿ ಅನ್ನಲ್ವಾ? ಈಗಲೇ ಹೋಗಿ ಅಳಿಸು.” ನಾನು ತಲೆ ತಗ್ಗಿಸಿಕೊಂಡು ಜಬೀನಾಳ ಅಂಗಡಿಗೆ ಹೋದೆ, ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತೆ, ಎದ್ದು ಅಕ್ಕನ ಅಂಗಡಿಗೆ ಬಂದೆ. ಅಕ್ಕ ರೀಡು ಕೆರೆಯುತ್ತಾ ಕೂತಿದ್ದಳು. ತಲೆ ಎತ್ತದೆ, “ಅಳಿಸಿದ್ಯಾ?” ಎಂದು ಕೇಳಿದಳು.

“ಅಳಿಸಿದೆ ಅಕ್ಕ” ಎಂದೆ, ಬಾಯಲ್ಲಿ.